ಒಗೆಯುವ ಕಲ್ಲಿನ ಮೇಲಿನ ಕುಡಿಗಳು

ನನ್ನ ಮನೆಯ ಮುಂದಿನ ದಾಸವಾಳ ಈಗ ಮಹಡಿಯ ಕಿಟಕಿ ಮುಟ್ಟಿದೆ. ಒಂಟಿ ಕಾಲಲ್ಲಿ ಸುಮ್ಮನೆ ಉದ್ದಕ್ಕೆ ಹೋಗಿ, ತುದಿಯಲ್ಲಿ ಮಾತ್ರ ನಾಲ್ಕು ಹೂ ಬಿಟ್ಟುಕೊಂಡು ನಿಂತಿದೆ. ಪೂಜೆಗೆ ಹೂ ಬೇಕೆಂದರೆ ಕೊಕ್ಕೆ ಕೋಲು ತರಬೇಕು. ಬೆಳಗಿನ ವಾಕಿಂಗ್ ಹೋಗುವವರೆಲ್ಲ ಒಮ್ಮೆ ತಲೆಯೆತ್ತಿ ಅದನ್ನು ನೋಡಿ, ಆಮೇಲೆ ನನ್ನನ್ನು ನೋಡಿ, ಪುಕ್ಕಟೆ ಬುದ್ಧಿ ಹೇಳಿ ಮುಂದೆ ಹೋಗುತ್ತಾರೆ. ತುದಿ ಚಿವುಟಿ ಮೇಡಂ, ಪಕ್ಕದಲ್ಲಿ ಕವಲೊಡೆದು ಪೊದೆ ಕಟ್ಟುತ್ತೆ, ಮೈತುಂಬ ಹೂ ಬಿಡುತ್ತೆ ಅನ್ನುತ್ತಾರೆ. ಮೊಬೈಲಿನಲ್ಲಿ ವಿಡಿಯೊ ತೋರಿಸಿದವರೂ ಇದ್ದಾರೆ. ನಾನು ಹೂಂಗುಟ್ಟುತ್ತೇನೆ. ಎಲ್ಲಿ ಚಿವುಟಬೇಕು, ಯಾವಾಗ ಚಿವುಟಬೇಕು, ಯಾವ ಹಬ್ಬ ಕಳೆದ ಮೇಲೆ ಕೈ ತಡೆದುಕೊಳ್ಳಬೇಕು ಎನ್ನುವುದೆಲ್ಲ ಅವರಿಗಿಂತ ಚೆನ್ನಾಗಿ ನನಗೆ ಗೊತ್ತಿದೆ. ಆದರೆ ನಾನು ಗಿಡದ ಕುಡಿ ಚಿವುಟುವುದಿಲ್ಲ. ಯಾಕೆಂದರೆ ನನಗೆ ಹೆದರಿಕೆ. ಇಷ್ಟು ವಯಸ್ಸಾದ ಮೇಲೆ ಅದನ್ನು ಹೇಳಿಕೊಳ್ಳುವುದಕ್ಕೆ ನಾಚಿಕೆಯೇನೂ ಇಲ್ಲ.

ಕುಂಬಾರಕೊಪ್ಪಲಿನ ನಮ್ಮ ಮನೆ ಹಂಚಿನದು. ಮನೆಗಿಂತ ಅದರ ಅಂಗಳವೇ ದೊಡ್ಡದಾಗಿತ್ತು. ಒಳಗೆ ಒಂದು ನಡುಮನೆ, ಒಂದು ಕೋಣೆ, ಹಿಂದೆ ಬಚ್ಚಲು. ಅಡುಗೆಮನೆಯನ್ನು ಮಾತ್ರ ಯಾವ ಪುಣ್ಯಾತ್ಮ ಕಟ್ಟಿಸಿದನೋ, ಮುಂಭಾಗಕ್ಕೇ ಇತ್ತು. ಒಲೆಯ ಮುಂದೆ ನಿಂತವರಿಗೆ ಕಿಟಕಿಯಿಂದ ಗೇಟಿನ ತನಕ ಎಲ್ಲವೂ ಕಾಣುತ್ತಿತ್ತು. ಗೇಟಿನಿಂದ ಬಾಗಿಲಿಗೆ ಬರುವ ದಾರಿಯ ಎರಡೂ ಬದಿಗೆ ಅಜ್ಜಿಯ ಗಿಡಗಳು: ದಾಸವಾಳ, ಕನಕಾಂಬರ, ಮರುಗ, ತುಳಸಿ, ಮತ್ತೆ ಪ್ರತಿ ವರ್ಷ ಆಷಾಢದಲ್ಲಿ ಹೊಸದಾಗಿ ನೆಡುತ್ತಿದ್ದ ಸೇವಂತಿಗೆ. ದಾರಿ ಮುಗಿಯುವಲ್ಲಿ ನಲ್ಲಿ, ನಲ್ಲಿಯ ಪಕ್ಕ ಬಟ್ಟೆ ಒಗೆಯುವ ಕಲ್ಲು. ನಮ್ಮ ಮನೆಯಲ್ಲಿ ದೇವರ ಗೂಡಿಗಿಂತ ಹೆಚ್ಚು ಜನ ನೋಡುತ್ತಿದ್ದದ್ದು ಈ ಕಲ್ಲನ್ನೇ ಇರಬೇಕು, ಅದು ಯಾಕೆಂದು ಈಗ ಹೇಳುತ್ತೇನೆ.

ಅಜ್ಜಿ, ಎಂದರೆ ಅಪ್ಪನ ತಾಯಿ, ಬೆಳಗ್ಗೆ ಎದ್ದು ಮುಖ ತೊಳೆದವಳೇ ಗಿಡಗಳ ಹತ್ತಿರ ಹೋಗುತ್ತಿದ್ದಳು. ಕತ್ತರಿ ಮುಟ್ಟುತ್ತಿರಲಿಲ್ಲ. ಬಲಗೈ ಹೆಬ್ಬೆರಳ ಉಗುರನ್ನು ಈ ಕೆಲಸಕ್ಕೆಂದೇ ಬೆಳೆಸಿದ್ದಳು. ಗಿಡ ಗೇಣುದ್ದ ಬಂದಿತೆಂದರೆ, ಎಲೆಯ ಜೋಡಿಯೊಂದನ್ನು ನೋಡಿಕೊಂಡು, ಅದರ ಸ್ವಲ್ಪ ಮೇಲೆ ತುದಿಯನ್ನು ಉಗುರಿಗೆ ಕೊಟ್ಟು ಚಿಟಿಕ್ಕೆನ್ನಿಸುತ್ತಿದ್ದಳು. ಕೆಲವು ದಿನಕ್ಕೆ ಆ ಜೋಡಿ ಎಲೆಯ ಸಂದಿನಿಂದ ಎರಡು ಕವಲು ಹೊರಡುತ್ತಿದ್ದವು. ಅವೂ ಬೆಳೆದರೆ ಅವುಗಳ ತುದಿಯೂ ಹೋಗುತ್ತಿತ್ತು. ಒಂದೊಂದು ಗಿಡ ಚಿವುಟುವಾಗಲೂ ‘ಸಾಕು, ನಿಲ್ಲು’ ಎಂದು ಗೊಣಗುವುದು ಅವಳ ರೂಢಿ. ಚಿವುಟಿದ ಕುಡಿಗಳನ್ನು ಬಿಸಾಡುತ್ತಿರಲಿಲ್ಲ. ಒಗೆಯುವ ಕಲ್ಲಿನ ಮೇಲೆ, ತಲೆಗಳೆಲ್ಲ ಸೂರ್ಯ ಹುಟ್ಟುವ ಕಡೆಗೆ ಬರುವಂತೆ, ಒಂದರ ಪಕ್ಕ ಒಂದು ಮಲಗಿಸುತ್ತಿದ್ದಳು. ಸಂಜೆ ಅವು ಬಾಡಿದ ಮೇಲೆ ಯಾವ ಗಿಡದ್ದು ಆ ಗಿಡದ ಬುಡಕ್ಕೆ. ಅಪ್ಪ ಹುಡುಗನಾಗಿದ್ದಾಗ ಆ ಕುಡಿಗಳನ್ನು ಅಂಗಿಯ ಮಡಿಲಿನಲ್ಲಿ ತುಂಬಿಕೊಂಡು ಕಲ್ಲಿನವರೆಗೆ ಸಾಗಿಸಿ, ಸಾಲು ಜೋಡಿಸುವ ಕೆಲಸ ಮಾಡುತ್ತಿದ್ದನಂತೆ. ದೊಡ್ಡವನಾಗಿ ಫ್ಯಾಕ್ಟರಿ ಸೇರಿದ ಮೇಲೆ ಒಂದು ದಿನವೂ ಅವನು ಗಿಡದ ಕಡೆ ತಿರುಗಿ ನೋಡಿದ್ದನ್ನು ನಾನು ಕಂಡಿರಲಿಲ್ಲ.

ಅಮ್ಮನಿಗೆ ಆ ಗಿಡಗಳನ್ನು ಮುಟ್ಟುವ ಹಕ್ಕಿರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಆಸೆಪಟ್ಟು ನೆಟ್ಟ ಒಂದು ಮಲ್ಲಿಗೆ ಬಳ್ಳಿ ಒಣಗಿ ಹೋಯಿತಂತೆ, ಅಷ್ಟೇ. ಅಜ್ಜಿ ಅವಳ ಕೈಗುಣದ ಬಗ್ಗೆ ತೀರ್ಪು ಕೊಟ್ಟುಬಿಟ್ಟಳು. ಆಮೇಲೆ ಅಮ್ಮ ಪೂಜೆಗೆ ಹೂ ಕೀಳಬೇಕೆಂದರೂ ಅಜ್ಜಿಯೇ ಕಿತ್ತು ಕೊಡಬೇಕು. ಹಬ್ಬದ ದಿನ ಊಟಕ್ಕೆ ಕೂತಾಗ, ಬಡಿಸುತ್ತಿದ್ದ ಅಮ್ಮನ ಕೈಯನ್ನೇ ನೋಡುತ್ತಾ ಅಜ್ಜಿ ಹೇಳಿದ್ದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ.

‘ನಿನ್ ಕೈ ಬೆಂಕಿ ಕಣಮ್ಮ. ಸಾರು ಕುದಿಸಾಕೆ ಸರಿ. ಅಂಗಳಕ್ಕೆ ತರಬೇಡ ಅದನ್ನ.’

ಅಪ್ಪ ತಲೆ ತಗ್ಗಿಸಿಕೊಂಡು ಮುದ್ದೆ ನುಂಗುತ್ತಿದ್ದ. ಅಮ್ಮ ಇನ್ನೊಂದು ಸೌಟು ಸಾರು ಹಾಕಿ ಒಳಗೆ ಹೋದಳು. ಇಂಥದ್ದಕ್ಕೆಲ್ಲ ಅವಳು ಅಳುತ್ತಿರಲಿಲ್ಲ, ಕಿಟಕಿಯ ಹತ್ತಿರ ನಿಂತುಕೊಳ್ಳುತ್ತಿದ್ದಳು. ಅವಳಿಗೆ ಇದ್ದ ಆಸೆ ಒಂದೇ. ಅವಳ ಅಣ್ಣ, ನನ್ನ ಸೋದರಮಾವ, ವಿಜಯನಗರದಲ್ಲಿ ಮನೆ ಕಟ್ಟಿಸುತ್ತಿದ್ದ. ಮೇಲಿನ ಭಾಗ ನಿನಗೇ, ನೀನು ಯಾವಾಗ ಬಂದರೂ ಸರಿ ಎಂದು ಮಾತು ಕೊಟ್ಟಿದ್ದ. ಒಮ್ಮೆ ಅಮ್ಮ ನನ್ನನ್ನು ಕರೆದುಕೊಂಡು ಹೋಗಿ ತೋರಿಸಿಕೊಂಡು ಬಂದಳು. ಆಗಿನ್ನೂ ಗಿಲಾವೂ ಆಗಿರಲಿಲ್ಲ. ಸುತ್ತ ಖಾಲಿ ಸೈಟುಗಳು, ಗಾಳಿಯೋ ಗಾಳಿ. ಅಡುಗೆಮನೆಯಾಗಲಿದ್ದ ಜಾಗದಲ್ಲಿ ನಿಂತು ಅಮ್ಮ ಸುಮ್ಮನೆ ಕೈ ಚಾಚಿ ಡಬ್ಬ ಇಳಿಸುವಂತೆ, ಒಲೆ ಹಚ್ಚುವಂತೆ ಮಾಡಿದಳು. ಅವಳು ಅಷ್ಟು ಹಗುರವಾಗಿ ಓಡಾಡಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಅವತ್ತಿನಿಂದ ನನಗೂ ಆ ಮನೆ ಬೇಕೇಬೇಕು ಅನ್ನಿಸಿಬಿಟ್ಟಿತು.

ಆ ವರ್ಷ ಆಷಾಢದಲ್ಲಿ ಸೇವಂತಿಗೆ ಸಸಿಗಳನ್ನು ನೆಟ್ಟ ಅಜ್ಜಿ, ಅವು ಗೇಣುದ್ದ ಬರುವ ಮೊದಲೇ ತೀರಿಕೊಂಡಳು. ಮಧ್ಯಾಹ್ನ ಊಟ ಮಾಡಿ ಮಲಗಿದವಳು ಏಳಲಿಲ್ಲ. ಅಪ್ಪ ತಲೆ ಬೋಳಿಸಿಕೊಂಡ. ತಿಥಿ ಮುಗಿಸಿ ನೆಂಟರು ಹೊರಟುಹೋದರು. ಅಜ್ಜಿಯ ಕೆಮ್ಮಿಲ್ಲದ ಮನೆಯಲ್ಲಿ ಕತ್ತಲಾದ ಮೇಲೆ ಇರಲಾರೆ ಎಂದು ಅಪ್ಪ ಹೆಬ್ಬಾಳದ ತನ್ನ ಫ್ಯಾಕ್ಟರಿಯಲ್ಲಿ ಕೇಳಿಕೊಂಡು ಥರ್ಡ್ ಶಿಫ್ಟ್ ಹಾಕಿಸಿಕೊಂಡ. ರಾತ್ರಿ ಊಟ ಮಾಡಿ ಹೋದರೆ ಬರುವುದು ಹಾಲಿನವನು ಬರುವ ಹೊತ್ತಿಗೆ. ಬಸ್ಸು ರಸ್ತೆಯ ಮೂಲೆಯಲ್ಲಿ ಇಳಿಸುತ್ತಿತ್ತು. ಬಂದವನು ಬಿಸಿನೀರು ಹುಯ್ದುಕೊಂಡು ಮಲಗಿದರೆ ಏಳುತ್ತಿದ್ದದ್ದು ನಡುಮಧ್ಯಾಹ್ನ. ಅಮ್ಮ ಗಿಡಗಳಿಗೆ ನೀರು ಹಾಕುತ್ತಿದ್ದಳು, ಅದೂ ದೂರದಿಂದ ಚೊಂಬಿನಲ್ಲಿ ಎರಚುತ್ತಿದ್ದಳು. ಎಲೆ ಮಾತ್ರ ಮುಟ್ಟುತ್ತಿರಲಿಲ್ಲ. ಹೇಳುವವಳು ಹೋದ ಮೇಲೂ ಆ ಮಾತು ಅಂಗಳದಲ್ಲೇ ನಿಂತಿತ್ತು.

ಶ್ರಾವಣದ ಒಂದು ಬೆಳಗ್ಗೆ ನಾನು ಹಲ್ಲುಜ್ಜುತ್ತಾ ನಲ್ಲಿಯ ಹತ್ತಿರ ಹೋದೆ. ಕಲ್ಲಿನ ಮೇಲೆ ಸೇವಂತಿಗೆಯ ಕುಡಿಗಳು ಸಾಲಾಗಿ ಮಲಗಿದ್ದವು. ತಲೆಗಳೆಲ್ಲ ಪೂರ್ವಕ್ಕೆ. ಚಿವುಟಿದ ಕಡೆ ಇನ್ನೂ ಒದ್ದೆಯಿತ್ತು, ಸೇವಂತಿಗೆ ಎಲೆಯ ಘಾಟು ಅಲ್ಲೆಲ್ಲ ಹರಡಿತ್ತು. ನನಗೆ ಬಾಯೊಳಗಿನ ಪೇಸ್ಟು ಉಗುಳಬೇಕೆಂದೂ ಹೊಳೆಯಲಿಲ್ಲ. ಗಿಡಗಳ ಹತ್ತಿರ ಹೋಗಿ ನೋಡಿದೆ. ಪ್ರತಿಯೊಂದರಲ್ಲೂ ಎಲೆಯ ಜೋಡಿಯ ಸ್ವಲ್ಪ ಮೇಲೆ, ಅಜ್ಜಿ ಮಾಡುತ್ತಿದ್ದ ಜಾಗದಲ್ಲೇ, ಉಗುರು ಕೂತಿದ್ದ ಗುರುತು. ಅಮ್ಮನನ್ನು ಕರೆದು ತೋರಿಸಿದೆ. ಅವಳು ಬಗ್ಗಿ ನೋಡಿದಳು. ನಾನು ಇನ್ನೂ ಮುಟ್ಟೇ ಇಲ್ಲವಲ್ಲ ಎಂದು ಯಾರಿಗೋ ಸಮಜಾಯಿಷಿ ಕೊಡುವವಳ ಹಾಗೆ ಹೇಳಿದಳು.

ಮಧ್ಯಾಹ್ನ ಎದ್ದ ಅಪ್ಪ ಹೊರಗೆ ಬಂದು ಆ ಸಾಲನ್ನು ನೋಡಿದ. ಬೋಳು ತಲೆಯ ಮೇಲೆ ಬಿಸಿಲು ಬೀಳುತ್ತಿತ್ತು. ಅವನು ಹೆದರುತ್ತಾನೆ, ಕೂಗುತ್ತಾನೆ ಎಂದುಕೊಂಡಿದ್ದೆ. ಅವನು ನಕ್ಕ. ತಾಯಿ ಸತ್ತಮೇಲೆ ನಕ್ಕಿದ್ದು ಅದೇ ಮೊದಲು.

‘ಅವ್ವ ಬಂದಿದ್ಲು ಕಣೆ ಸಾವಿತ್ರಿ,’ ಎಂದ ಅಮ್ಮನಿಗೆ.

ಅಲ್ಲಿಂದ ಮುಂದೆ ಇದು ನಿಲ್ಲಲಿಲ್ಲ. ದಿನಾ ಇರುತ್ತಿರಲಿಲ್ಲ, ಗಿಡ ಬೆಳೆಯಬೇಕಲ್ಲ. ಆದರೆ ಎಲ್ಲೇ ಒಂದು ಕುಡಿ ಗೇಣು ದಾಟಿದರೆ ಮಾರನೇ ಬೆಳಗ್ಗೆ ಅದು ಕಲ್ಲಿನ ಮೇಲಿರುತ್ತಿತ್ತು. ಅಪ್ಪ ಕೆಲಸಕ್ಕೆ ಹೋಗುವ ಮೊದಲು ಕಲ್ಲಿನ ಮೂಲೆಯಲ್ಲಿ ಒಂದು ಲೋಟ ಕಾಫಿ ಇಡತೊಡಗಿದ. ಸುದ್ದಿ ಬೀದಿಗೆ ಹಬ್ಬಿತು. ಎದುರುಮನೆ ಜಯಮ್ಮ, ಅಜ್ಜಿ ಬದುಕಿದ್ದಾಗ ಅವಳ ಜೊತೆ ನಲ್ಲಿ ನೀರಿಗಾಗಿ ಜುಟ್ಟು ಹಿಡಿದು ಜಗಳವಾಡಿದವಳು. ಈಗ ಅರಿಸಿನ ಕುಂಕುಮ ತಂದು ಕಲ್ಲಿಗೆ ಹಚ್ಚಿ, ಮಗಳಿಗೆ ಗಂಡು ಹುಡುಕಿಕೊಡು ತಾಯಿ ಎಂದು ಕೈಮುಗಿದು ಹೋದಳು. ಆ ಕಲ್ಲಿನ ಮೇಲೆ ಬಟ್ಟೆ ಒಗೆಯುವುದು ನಿಂತುಹೋಯಿತು. ಅಮ್ಮ ಬಚ್ಚಲಿನ ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು ಒಗೆಯುತ್ತಿದ್ದಳು. ನನಗಂತೂ ಅಂಗಳ ದಾಟುವುದೆಂದರೆ ಜೀವ ಬಾಯಿಗೆ ಬರುತ್ತಿತ್ತು. ಗಿಡಗಳು ದುಂಡಗೆ, ದಟ್ಟವಾಗಿ, ಒಳಗೆ ಬೆಳಕೇ ಹೋಗದ ಹಾಗೆ ಬೆಳೆಯುತ್ತಿದ್ದವು. ಅದರೊಳಗೆ ಯಾರೋ ಕುಕ್ಕರಿಸಿಕೊಂಡು ಕೂತಿದ್ದಾರೆ ಎನ್ನಿಸಿ, ಬೆನ್ನು ತೋರಿಸದೆ ಅಡ್ಡಡ್ಡ ನಡೆದುಕೊಂಡು ಗೇಟು ಸೇರುತ್ತಿದ್ದೆ.

ಅಷ್ಟರಲ್ಲಿ ಮಾವನ ಮನೆ ಮುಗಿಯಿತು. ದೀಪಾವಳಿ ಆದ ಮೇಲೆ ಒಳ್ಳೆ ದಿನ ನೋಡಿ ಹಾಲುಕ್ಕಿಸೋಣ, ನೀವು ಬರುವುದಿಲ್ಲ ಎಂದರೆ ಮೇಲಿನ ಭಾಗವನ್ನು ಬೇರೆಯವರಿಗೆ ಕೊಟ್ಟುಬಿಡುತ್ತೇನೆ, ಕಾಯುತ್ತಾ ಕೂರಲಾರೆ ಎಂದ. ಅಮ್ಮ ಅಪ್ಪನ ಹತ್ತಿರ ಮಾತೆತ್ತಿದಳು. ಅಪ್ಪ ಬೇಡವೆನ್ನಲಿಲ್ಲ, ಅವ್ವನನ್ನು ಕೇಳಿ ಹೇಳುತ್ತೇನೆ ಎಂದ. ದೇವಸ್ಥಾನದಲ್ಲಿ ಹೂ ಕೇಳುತ್ತಾರಲ್ಲ, ದೇವರ ಬಲಗಡೆಯಿಂದ ಹೂ ಬಿದ್ದರೆ ಆಗಲಿ ಎಂದರ್ಥ, ಎಡಗಡೆ ಬಿದ್ದರೆ ಬೇಡ ಎಂದರ್ಥ, ಹಾಗೆ ಕೇಳುತ್ತಾನಂತೆ. ಆ ರಾತ್ರಿ ಕೆಲಸಕ್ಕೆ ಹೊರಡುವಾಗ ಟಿಫನ್ ಕ್ಯಾರಿಯರ್ ಕೈಯಲ್ಲಿ ಹಿಡಿದುಕೊಂಡೇ ಕಲ್ಲಿನ ಮುಂದೆ ನಿಂತು ಹೇಳಿದ:

‘ಅವ್ವ, ನಾವು ಹೋಗಬೋದು ಅನ್ನೋದಾದ್ರೆ ನಾಳೀಕೆ ಕಲ್ಲು ಖಾಲಿ ಇರ್ಲಿ.’

ಮಾರನೇ ದಿನ ಕಲ್ಲಿನ ಮೇಲೆ ಕುಡಿಗಳಿದ್ದವು. ಅಪ್ಪ ಇನ್ನೊಮ್ಮೆ ಕೇಳಿದ. ಆಗಲೂ ಇದ್ದವು. ಮೂರನೇ ಸಲ ಕೇಳಿ, ಅದೇ ಉತ್ತರ ಬಂದಾಗ ಇನ್ನು ಈ ಮಾತು ಸಾಕು ಎಂದ. ನನಗೆ ಸತ್ತ ಅಜ್ಜಿಯ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬದುಕಿದ್ದಾಗ ಅಮ್ಮನನ್ನು ಅಂಗಳಕ್ಕೆ ಬಿಡಲಿಲ್ಲ, ಸತ್ತ ಮೇಲೆ ಗೇಟು ದಾಟಲು ಬಿಡುತ್ತಿಲ್ಲ. ಆ ಸಿಟ್ಟಿನಲ್ಲಿ ಹೆದರಿಕೆ ಸ್ವಲ್ಪ ಹಿಂದೆ ಸರಿದಿರಬೇಕು. ಅವಳು ಬರುವುದನ್ನು ನೋಡಿಯೇ ಬಿಡುತ್ತೇನೆ, ಎದುರಿಗೇ ನಿಂತು ಹೋಗು ಎನ್ನುತ್ತೇನೆ ಎಂದು ತೀರ್ಮಾನಿಸಿ, ಗೌರಿ ಹಬ್ಬ ಕಳೆದ ಮೇಲಿನ ಒಂದು ಬೆಳಗ್ಗೆ, ಬೆಳಕು ಹರಿಯುವ ಹೊತ್ತಿಗೆ ಎದ್ದೆ. ಅಡುಗೆಮನೆಗೆ ಹೋದರೆ ಅಮ್ಮ ಆಗಲೇ ಕಿಟಕಿಯ ಹತ್ತಿರ ನಿಂತಿದ್ದಳು. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟು ಬಂದಿದ್ದಳು, ಕೈಗೆ ಇನ್ನೂ ರಂಗೋಲಿ ಪುಡಿ ಅಂಟಿಕೊಂಡಿತ್ತು. ಕಲ್ಲಿನ ಮೇಲೆ ಏನೂ ಇರಲಿಲ್ಲ. ಅಮ್ಮ ತಿರುಗದೆಯೇ ಕೈ ಹಿಂದೆ ಚಾಚಿ ನನ್ನ ಭುಜ ಹಿಡಿದುಕೊಂಡಳು.

ಗೇಟು ತೆರೆದದ್ದು ಅಪ್ಪ. ಕೈಯಲ್ಲಿ ಟಿಫನ್ ಕ್ಯಾರಿಯರ್. ಕಣ್ಣು ಪೂರ್ತಿ ತೆರೆದಿತ್ತು, ಆದರೆ ಆ ಕಣ್ಣು ಯಾವುದನ್ನೂ ಹಿಡಿಯುತ್ತಿರಲಿಲ್ಲ. ಎರಡು ಹೆಜ್ಜೆ ಬಂದು ನಿಂತ. ಖಾಲಿ ಕೈ ತಾನಾಗಿ ಗಿಡದ ಕಡೆ ಹೋಯಿತು. ಎಲೆಗಳನ್ನು ಸವರಿ, ಜೋಡಿಯನ್ನು ಹುಡುಕಿ, ಚಿಟಿಕ್ಕೆಂದಿತು. ಮುಂದಿನ ಗಿಡ. ಮತ್ತೆ ಚಿಟಿಕ್. ತುಟಿ ಅಲುಗುತ್ತಿತ್ತು. ಕಿಟಕಿಯ ಹತ್ತಿರ ಬಂದಾಗ ಕೇಳಿಸಿತು, ‘ಸಾಕು, ನಿಲ್ಲು’ ಎಂದು ಗೊಣಗುತ್ತಿದ್ದ. ದನಿ ಅಜ್ಜಿಯದೇ, ಅದೇ ಮೂಗಿನ ರಾಗ. ಕುಡಿಗಳನ್ನು ಅಂಗಿಯ ಮಡಿಲಿಗೆ ಹಾಕಿಕೊಂಡು ಬಂದು, ಕ್ಯಾರಿಯರನ್ನು ಕೆಳಗಿಟ್ಟು, ಕಲ್ಲಿನ ಮೇಲೆ ಒಂದೊಂದಾಗಿ ಮಲಗಿಸಿದ. ಕೈ ಝಾಡಿಸಿಕೊಂಡ. ಒಳಗೆ ಬಂದು ನೀರು ಕಾದಿದೆಯಾ ಎಂದು ಕೇಳಿದ, ತನ್ನ ದನಿಯಲ್ಲೇ. ಸ್ನಾನ ಮಾಡಿ ಮಲಗಿದ. ಮಧ್ಯಾಹ್ನ ಎದ್ದು ಹೊರಗೆ ಹೋಗಿ ಕಲ್ಲಿನ ಮುಂದೆ ನಿಂತು, ಅವ್ವ ಇವತ್ತೂ ಬಂದಿದ್ದಳು ಎಂದು ನನಗೆ ತೋರಿಸಿದ. ಅವನ ಹೆಬ್ಬೆರಳ ಉಗುರಿನ ಸಂದಿಯಲ್ಲಿ ಹಸಿರು ಕರೆ ಇತ್ತು. ಕಾಣದ ಅಜ್ಜಿಗೆ ಹೆದರಿದ್ದಕ್ಕಿಂತ ಹೆಚ್ಚಾಗಿ ಅವತ್ತು ನಾನು ಎದುರಿಗಿದ್ದ ಅಪ್ಪನಿಗೆ ಹೆದರಿದೆ. ಇವತ್ತಿಗೂ ಯಾರಾದರೂ ತುಂಬಾ ದಣಿದು ಬಂದು ಸುಮ್ಮನೆ ಕೂತರೆ ನನ್ನ ಕಣ್ಣು ಮೊದಲು ಅವರ ಕೈಗೆ ಹೋಗುತ್ತದೆ.

ಅಮ್ಮನಿಗೆ ಇದು ಗೊತ್ತಾಗಿ ಆಗಲೇ ಎಷ್ಟೋ ದಿನ ಆಗಿತ್ತು. ರಂಗೋಲಿ ಹಾಕುವಾಗ ಖಾಲಿ ಇದ್ದ ಕಲ್ಲು, ಅಪ್ಪ ಒಳಗೆ ಬಂದ ಮೇಲೆ ತುಂಬಿರುತ್ತಿತ್ತಲ್ಲ. ಇನ್ನೂ ಒಂದು ವಿಷಯ ಅವಳು ಹೇಳಿದಳು. ಅಜ್ಜಿ ಗೌರಿ ಹಬ್ಬ ಆದ ಮೇಲೆ ಸೇವಂತಿಗೆಯನ್ನು ಮುಟ್ಟುತ್ತಲೇ ಇರಲಿಲ್ಲವಂತೆ. ಆಮೇಲೆ ಚಿವುಟಿದರೆ ಮೊಗ್ಗು ಎಲ್ಲಿಂದ ಬರಬೇಕು? ಅಪ್ಪನ ಕೈಗೆ ಚಿವುಟುವುದು ಗೊತ್ತಿತ್ತು, ನಿಲ್ಲಿಸುವುದು ಗೊತ್ತಿರಲಿಲ್ಲ. ನಾನು ಕುಣಿದಾಡಿದೆ. ಹಾಗಾದರೆ ಹೇಳಿಬಿಡು, ಬೇಡವೆಂದಿದ್ದು ಅಜ್ಜಿಯಲ್ಲ ನೀವೇ ಎಂದು ಹೇಳಿಬಿಡು, ವಿಜಯನಗರಕ್ಕೆ ಹೋಗೋಣ ಎಂದೆ. ಅವಳು ಹೇಳದಿದ್ದರೆ ನಾನೇ ಹೇಳುತ್ತೇನೆ ಎಂದು ಅಪ್ಪ ಮಲಗಿದ್ದ ಕೋಣೆಯ ಕಡೆ ಹೊರಟೆ. ಅಮ್ಮ ನನ್ನ ಜಡೆ ಹಿಡಿದು ಎಳೆದು ಕೂರಿಸಿದಳು.

‘ಹೇಳುದ್ರೆ ಹೋಗ್ಬೋದು ಕಣೆ. ಆದ್ರೆ ಆ ಮನುಷ್ಯಂಗೆ ಇನ್ನೊಂದ್ ಸಲ ತಾಯಿ ಸತ್ತೋಯ್ತಾಳೆ. ಮೊದಲನೇ ಸಲದ್ದೇ ತಡೀಲಿಲ್ಲ ಅವರು.’

ನಾನು ಹೇಳಲಿಲ್ಲ. ದಸರಾ ರಜೆಗೆ ಮುಂಚೆ ಫ್ಯಾಕ್ಟರಿಯಲ್ಲಿ ಏನೋ ಬದಲಾವಣೆಯಾಗಿ, ಅಪ್ಪ ಕೇಳದೆಯೇ ಅವನನ್ನು ಜನರಲ್ ಶಿಫ್ಟಿಗೆ ಹಾಕಿದರು. ಬೆಳಗ್ಗೆ ತಿಂಡಿ ತಿಂದು, ಬಸ್ಸು ತಪ್ಪೀತೆಂದು ಓಡುತ್ತಾ ಹೋಗುತ್ತಿದ್ದ, ಸಂಜೆ ಪೂರ್ತಿ ಎಚ್ಚರದಲ್ಲಿ ಬರುತ್ತಿದ್ದ. ಕಲ್ಲು ಖಾಲಿಯಾಯಿತು. ಮೊದಲು ಅಪ್ಪ ಅದನ್ನು ಗಮನಿಸದವನಂತೆ ಇದ್ದ. ಆಮೇಲೆ ದಿನಾ ಬೆಳಗ್ಗೆ ಎದ್ದವನೇ ಕಲ್ಲಿನ ಹತ್ತಿರ ಹೋಗಿ ಅಂಗೈಯಿಂದ ಸವರಿ ನೋಡುತ್ತಿದ್ದ. ಗಿಡಗಳು ಅಡ್ಡಾದಿಡ್ಡಿ ಚಿಗುರಿದವು. ಮರುಗ ಕಡ್ಡಿ ಕಡ್ಡಿಯಾಗಿ ಮೇಲೆದ್ದಿತು, ತುಳಸಿ ಕದಿರು ಬಿಟ್ಟಿತು. ಸೇವಂತಿಗೆ ಮಾತ್ರ ಉಸಿರು ಬಿಟ್ಟಂತೆ ತಡವಾಗಿ ಸಣ್ಣ ಸಣ್ಣ ಮೊಗ್ಗು ಹಿಡಿಯಿತು. ಒಂದು ದಿನ ಅಪ್ಪ ಊಟಕ್ಕೆ ಕೂತವನು ತಟ್ಟೆಯಿಂದ ಕೈ ತೆಗೆದು, ಅವ್ವ ಒಪ್ಪಿಕೊಂಡಿದ್ದಾಳೆ, ನಿಮ್ಮಣ್ಣನಿಗೆ ಹೇಳು ಹೋಗೋಣ ಎಂದ. ಮುದ್ದೆ ಹಾಗೇ ಇತ್ತು. ಅಮ್ಮನ ಕಣ್ಣು ತುಂಬಿಕೊಂಡಿತು. ಅದು ಖುಷಿಗೋ ಬೇರೆಯದಕ್ಕೋ ಎಂದು ನಾನು ಯೋಚಿಸಲಿಲ್ಲ, ನನ್ನ ಪುಸ್ತಕಗಳನ್ನು ಕಟ್ಟಿಡಲು ಓಡಿದೆ.

ಮನೆ ಗಂಟು ಮೂಟೆಗಳಾಯಿತು. ಅಟ್ಟದ ಪಾತ್ರೆಗಳು ಕೆಳಗಿಳಿದು ಟ್ರಂಕು ಸೇರಿದವು. ಅಮ್ಮ ತವರಿನಿಂದ ತಂದಿದ್ದ, ಈ ಮನೆಯಲ್ಲಿ ಒಂದು ಸಲವೂ ಒಲೆ ಏರದ ಹಿತ್ತಾಳೆ ಪಾತ್ರೆಯೊಂದನ್ನು ಹುಣಸೆಹಣ್ಣು ಹಾಕಿ ಬೆಳಗಿ, ಹೊಸ ಮನೆಯಲ್ಲಿ ಹಾಲುಕ್ಕಿಸಲು ಇದೇ ಎಂದು ಎತ್ತಿಟ್ಟಳು. ಅಪ್ಪ ಮಾತ್ರ ಕರಗುತ್ತಾ ಬಂದ. ಏನು ಕೇಳಿದರೂ ಆಗಲಿ ಎನ್ನುತ್ತಿದ್ದ. ರಾತ್ರಿ ನಿದ್ದೆಯಿಲ್ಲ, ಹಗಲು ಕೆಲಸದಲ್ಲಿ ಗಮನವಿಲ್ಲ. ಬೆಳೆದುಹೋದ ಗಿಡಗಳ ಮುಂದೆ ನಿಂತು ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು ನೋಡುತ್ತಿದ್ದ. ತಾಯಿಯ ಗಿಡವನ್ನು ತಾನು ಮುಟ್ಟಬಾರದು ಎನ್ನುವ ಹಾಗೆ. ಒಂದು ಸಂಜೆ ಅವನ ಜೊತೆ ಕೆಲಸ ಮಾಡುವವರೊಬ್ಬರು ಅವನನ್ನು ಕೈಹಿಡಿದುಕೊಂಡು ಬಂದು ಮನೆ ತಲುಪಿಸಿದರು. ಲೇಥ್ ಯಂತ್ರ ತಿರುಗುತ್ತಿರುವಾಗಲೇ ಏನನ್ನೋ ಚಿವುಟುವವನ ಹಾಗೆ ಅದರೊಳಕ್ಕೆ ಕೈ ತೆಗೆದುಕೊಂಡು ಹೋದನಂತೆ. ಪಕ್ಕದಲ್ಲಿದ್ದವರು ಎಳೆದುಕೊಳ್ಳದಿದ್ದರೆ ಬೆರಳು ಇರುತ್ತಿರಲಿಲ್ಲ. ಅವರಿಗೆ ಕಾಫಿ ಕೊಟ್ಟು ಕಳಿಸಿದ ಮೇಲೆ ಅಮ್ಮ ಅಪ್ಪನ ಎರಡೂ ಕೈಗಳನ್ನು ತನ್ನ ಮಡಿಲಲ್ಲಿಟ್ಟುಕೊಂಡು ಕೂತಳು. ನಾನಿದ್ದೇನೆ ಎನ್ನುವುದನ್ನೂ ಮರೆತಿದ್ದಳು. ಅವನು ಮಗುವಿನ ಹಾಗೆ ಬಿಟ್ಟುಕೊಟ್ಟಿದ್ದ. ಆಗ ಅಮ್ಮ ಹೇಳಿಬಿಡುತ್ತಾಳೆ ಎಂದು ನಾನು ಕಾದೆ. ಅವಳ ಬಾಯಿ ಒಮ್ಮೆ ತೆರೆದುಕೊಂಡಿತು, ಆಮೇಲೆ ಊಟಕ್ಕೆ ಏಳಿ ಎಂದಳು.

ಮಾರನೇ ಬೆಳಗ್ಗೆ ನನಗೆ ಎಚ್ಚರವಾದದ್ದು ಆ ಸದ್ದಿಗೆ. ಚಿಟಿಕ್. ತುಸು ಬಿಟ್ಟು ಮತ್ತೆ ಚಿಟಿಕ್. ಅಪ್ಪ ಕೋಣೆಯಲ್ಲಿ ಮಲಗಿದ್ದ, ಅವನ ಉಸಿರು ಕೇಳುತ್ತಿತ್ತು. ಎದ್ದು ಅಡುಗೆಮನೆಯ ಕಿಟಕಿಗೆ ಹೋದೆ. ಮಬ್ಬು ಬೆಳಕಿನಲ್ಲಿ ಸೀರೆ ಎತ್ತಿ ಕಟ್ಟಿ, ಸೊಂಟ ಬಗ್ಗಿಸಿ, ಒಂದು ಕೈ ಮಂಡಿಯ ಮೇಲೂರಿಕೊಂಡು ಗಿಡದಿಂದ ಗಿಡಕ್ಕೆ ಹೋಗುತ್ತಿದ್ದ ಬೆನ್ನು ಅಜ್ಜಿಯದು. ನಾನು ಖಂಡಿತವಾಗಿ ಹೇಳುತ್ತೇನೆ, ಅಜ್ಜಿಯದೇ. ಮುಖ ತಿರುಗಿದಾಗ ಅದು ಅಮ್ಮ ಆಗಿತ್ತು. ಅವಳು ಮರುಗ ಚಿವುಟಿದಳು, ಕನಕಾಂಬರ ಚಿವುಟಿದಳು, ತುಳಸಿಯ ಕದಿರು ತೆಗೆದಳು, ದಾಸವಾಳದ ತುದಿ ತೆಗೆದಳು. ಮೊಗ್ಗು ಹಿಡಿದ ಸೇವಂತಿಗೆಯ ಹತ್ತಿರ ಬಂದಾಗ ಕೈ ಹಿಂದಕ್ಕೆ ತೆಗೆದುಕೊಂಡು ದಾಟಿಹೋದಳು. ಯಾರೂ ಅವಳಿಗೆ ಇದನ್ನು ಕಲಿಸಿರಲಿಲ್ಲ. ಆ ಮನೆಗೆ ಬಂದಾಗಿನಿಂದ ಕಿಟಕಿಯಲ್ಲಿ ನಿಂತು ನೋಡಿದ್ದಳು, ಅಷ್ಟೇ. ಕುಡಿಗಳನ್ನು ಕಲ್ಲಿನ ಮೇಲೆ ಜೋಡಿಸಿ, ಒಂದು ವಾರೆಯಾಗಿದ್ದನ್ನು ಬೆರಳಿನಿಂದ ಸರಿಮಾಡಿ ಒಳಗೆ ಬಂದಳು. ಅವಳಿಂದ ಸೇವಂತಿಗೆಯ ಘಾಟು ಬರುತ್ತಿರಲಿಲ್ಲ, ಮರುಗ ತುಳಸಿಯ ವಾಸನೆ ಬರುತ್ತಿತ್ತು.

ನಾನು ಅಡ್ಡ ನಿಂತೆ. ಅಪ್ಪ ಇನ್ನೂ ಎದ್ದಿಲ್ಲ, ಎತ್ತಿ ಬಿಸಾಕಿ ಬರುತ್ತೇನೆ ಎಂದೆ. ಅಮ್ಮ ಬೇಡವೆಂದು ತಲೆಯಾಡಿಸಿದಳು. ನನಗೆ ಅಳು ಬಂತು.

‘ನಂಗೆ ಆ ಮನೆ ಬೇಕು ಅಮ್ಮ.’

‘ನಂಗೂ ಬೇಕು ಕಣೆ,’ ಎಂದಳು. ‘ದಾರಿ ಬಿಡು, ಒಲೆ ಹಚ್ಬೇಕು.’

ಅಪ್ಪ ಎದ್ದ. ಟವೆಲ್ಲು ಹೆಗಲ ಮೇಲೆ ಹಾಕಿಕೊಂಡು, ಯಾವತ್ತಿನಂತೆ ಕಲ್ಲಿನ ಕಡೆ ಹೋದ. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದೆ. ಅವನು ಕಲ್ಲಿನ ಮುಂದೆ ಹೋಗಿ ನಿಂತ. ಆಮೇಲೆ ಕುಕ್ಕರಿಸಿ ಕೂತು ಕುಡಿಗಳನ್ನು ಒಂದೊಂದಾಗಿ ಮುಟ್ಟಿದ. ತಿರುಗಿ ಸೇವಂತಿಗೆಯ ಮೊಗ್ಗುಗಳನ್ನು ನೋಡಿದ. ಗೌರಿ ಹಬ್ಬ ಆದ ಮೇಲೆ ಸೇವಂತಿಗೆ ಮುಟ್ಟಲ್ಲ ಅವಳು, ಎಂದು ತನಗೆ ತಾನೇ ಹೇಳಿಕೊಂಡ. ಅವನ ಬೆನ್ನು ಅಲುಗುತ್ತಿತ್ತು. ಅಷ್ಟು ದಿನ ತಡೆದುಕೊಂಡಿದ್ದ ಅಳು ಸದ್ದಿಲ್ಲದೆ ಹೊರಗೆ ಬರುತ್ತಿತ್ತು. ಅಮ್ಮ ನನ್ನ ಪಕ್ಕದಿಂದ ಕಾಫಿ ಲೋಟ ಹಿಡಿದುಕೊಂಡು ಅಂಗಳಕ್ಕಿಳಿದಳು. ಅವಳ ಹೆಜ್ಜೆಯ ಸದ್ದು ಹತ್ತಿರವಾಯಿತು. ಅಪ್ಪ ತಿರುಗಿ ನೋಡಲಿಲ್ಲ.

‘ಅವ್ವ,’ ಎಂದ.

ಅಮ್ಮ ನಿಂತುಬಿಟ್ಟಳು. ಲೋಟದಿಂದ ಹಬೆ ಏಳುತ್ತಿತ್ತು. ಇನ್ನೇನು ಅವಳು ನಗುತ್ತಾಳೆ, ನಾನು ಕಣ್ರೀ ಅನ್ನುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಅದೊಂದು ಮಾತು ಹೇಳಿಬಿಡು ಎಂದು ಮನಸ್ಸಿನಲ್ಲೇ ಅವಳಿಗೆ ಹೇಳುತ್ತಿದ್ದೆ. ಅವಳು ಒಮ್ಮೆ ಗೇಟಿನ ಕಡೆ ನೋಡಿದಳು, ಆಮೇಲೆ ಅಪ್ಪನ ಬಗ್ಗಿದ ಕತ್ತನ್ನು ನೋಡಿದಳು.

‘ಓ,’ ಎಂದಳು.

‘ನಾವು ಎಲ್ಲೂ ಹೋಗಲ್ಲ ಕಣವ್ವ.’

‘ಆಗ್ಲಿ ಮಗ. ಕಾಫಿ ಆರೋಯ್ತದೆ,’ ಎಂದಳು ನನ್ನ ಅಮ್ಮ.